ಕ್ಲಚ್ಚಿಗೆ ಕಟ್ಟಿದ ಮರದ ತುಂಡು

ದೊಡ್ಡಪ್ಪನವರಿಗೆ,

ಅಜ್ಜಿಯ ಸಮಾಧಿಗೆ ನೀವು ಹಾಕಿಸಿದ ಕಲ್ಲು ನೋಡಿಬಂದೆ. ‘ಹೊಸ್ತಿಲು ದಾಟದ ಮಹಾತಾಯಿ’ ಎಂದು ಕೆತ್ತಿಸಿದ್ದೀರಿ. ಅಜ್ಜಿ ಓದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಊರೂರು ಲಾರಿ ಓಡಿಸಿ ನಿಮ್ಮನ್ನು ಓದಿಸಿದವಳು ಅವಳು ಎಂದು ಬೀಗರ ಮುಂದೆ ಹೇಳಲು ನಾಚಿಕೆಯಾಯಿತೇನೋ, ಪಾಪ!

ಗಿಡ್ಡ ಕಾಲು ಎಟುಕಲೆಂದು ಅವಳು ಕ್ಲಚ್ಚಿಗೆ ಕಟ್ಟಿಕೊಳ್ಳುತ್ತಿದ್ದ ಮರದ ತುಂಡನ್ನು ನೀವು ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದೀರಂತೆ. ದಯವಿಟ್ಟು ಕಳಿಸಿಕೊಡಿ. ನನ್ನ ಕಾಲೂ ಗಿಡ್ಡ. ಸೋಮವಾರದಿಂದ ಅವಳ ಲಾರಿ ಓಡಿಸುವವಳು ನಾನು.

ಕಲ್ಲು ಹಾಗೇ ಇರಲಿ. ಆದರೆ ನೀವು ಹುಟ್ಟಿದ್ದು ಹೆದ್ದಾರಿಯ ಪಕ್ಕ, ಅವಳ ಮೊದಲ ಲಾರಿಯೊಳಗೆ. “ಅವನು ಅತ್ತ, ನಾನು ಗೇರ್ ಹಾಕ್ದೆ” ಅನ್ನುತ್ತಿದ್ದಳು ಅಜ್ಜಿ. ಕಲ್ಲಿನ ಮೇಲಿನ ಮಾತೇ ನಿಜವಾದರೆ ನೀವಿನ್ನೂ ಹುಟ್ಟಿಯೇ ಇಲ್ಲ, ದೊಡ್ಡಪ್ಪ.

ಇಂತಿ,
ಲಾರಿ ಅಜ್ಜಿಯ ಮೊಮ್ಮಗಳು