ಆಂಬುಲೆನ್ಸಿನಲ್ಲಿ ‘ನಾನು’ ಇಲ್ಲ

ಮಾನ್ಯ ಪರೀಕ್ಷಾಧಿಕಾರಿಗಳೇ,

ವರ್ಷಗಟ್ಟಲೆ ಆಂಬುಲೆನ್ಸ್ ಓಡಿಸಿದ ನನ್ನನ್ನು, ಚಾಲಕರಿಗೆಂದು ಹೊಸದಾಗಿ ಇಟ್ಟ ಇಂಗ್ಲಿಷ್ ಪರೀಕ್ಷೆಯಲ್ಲಿ ಸರ್ವನಾಮ ಬಳಸಲು ಬಾರದವನೆಂದು ತಾವು ಫೇಲು ಮಾಡಿದ್ದೀರಿ. ಸೋಮವಾರ ಗಾಡಿಯ ಕೀಲಿ ಒಪ್ಪಿಸಬೇಕಂತೆ. ಬಹಳ ಸಂತೋಷ. ಎದೆನೋವು ಬಂದವರು ಇನ್ನು ವ್ಯಾಕರಣ ಬಲ್ಲ ಚಾಲಕ ಬರುವವರೆಗೆ ಉಸಿರು ಬಿಗಿಹಿಡಿದು ಕಾಯಲಿ.

ನಾನೇನು ಕೈಕಟ್ಟಿ ಕೂತಿರಲಿಲ್ಲ. ಊಟದ ಮೇಜಿನಲ್ಲಿ ಮಗಳಿಂದ ಪಾಠ ಹೇಳಿಸಿಕೊಂಡೆ. “ಅಪ್ಪಾ, ಅಮ್ಮ ನಿನ್ನನ್ನ ಬೈದ್ರೆ ಅಮ್ಮ ‘ಶಿ’, ನೀನು ‘ಹಿಮ್’. ನೀನು ಅಮ್ಮನ್ನ ಬೈದ್ರೆ ನೀನು ‘ಹಿ’, ಅಮ್ಮ ‘ಹರ್’.”

“ಎರಡನೇದು ಈ ಮನೇಲಿ ಯಾವತ್ತಾದ್ರೂ ನೋಡಿದೀಯೇನಮ್ಮ?” ಎಂದೆ. ಒಲೆಯ ಮುಂದಿದ್ದ ಹೆಂಡತಿಯೂ ನಕ್ಕಳು. ಮನೆಯಲ್ಲಿ ನಗು ಕೇಳಿದ್ದು ಅದೇ ಕೊನೆ.

ಪರೀಕ್ಷೆಯಲ್ಲಿ ತಮ್ಮ ಕಚೇರಿಯ ಮೇಡಂ ಕೇಳಿದರು, ನಿನ್ನೆ ರೋಗಿಯನ್ನು ಎತ್ತಿದ್ದು ಯಾರು? ‘ವಿ’ ಎಂದೆ. “ನೀವೊಬ್ರೇ ಏನ್ ಮಾಡಿದ್ರಿ ಅಂತ ಹೇಳ್ರೀ. ‘ಐ’ ಅಂತ ಶುರು ಮಾಡಿ.” ಮತ್ತೆ ‘ವಿ’ ಎಂದೆ. ಇಡೀ ಪರೀಕ್ಷೆ ‘ವಿ’ಯಲ್ಲೇ ಮುಗಿಯಿತು.

ಕಾರಣ ಕೇಳುವ ಪುರುಸೊತ್ತು ಅವರಿಗಿರಲಿಲ್ಲ, ತಮಗಾದರೂ ಇದೆಯೇ? ಗಾಡಿಯ ಹಿಂಭಾಗದಲ್ಲಿ ರೋಗಿಯ ಜೊತೆ ಕೂರುವ ನರ್ಸನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದರು: “ತಮ್ಮಾ, ಈ ಗಾಡೀಲಿ ನಾನು ಅನ್ನೋ ಮಾತಿಲ್ಲ. ಉಳಿದ್ರೂ ನಾವು, ಹೋದ್ರೂ ನಾವು.” ಕಳೆದ ತಿಂಗಳು ಒಂದು ಕೂಸು ದಾರಿಯಲ್ಲೇ ಹೋಯಿತು. ಆಸ್ಪತ್ರೆ ಬಾಗಿಲಲ್ಲಿ ತಾಯಿ ನನ್ನ ಕೊರಳಪಟ್ಟಿ ಹಿಡಿದು, “ಯಾರೋ ತಡ ಮಾಡಿದ್ದು?” ಎಂದು ಕಿರುಚಿದಳು. ತಡವಾಗಿರಲಿಲ್ಲ. ಆದರೂ ಅಕ್ಕ ಇಳಿದು ಬಂದು ನನ್ನ ಪಕ್ಕ ನಿಂತು, “ನಾವಮ್ಮ” ಎಂದರು. ಅವಳು ನನ್ನನ್ನು ಬಿಟ್ಟು ಅಕ್ಕನ ಹೆಗಲಿಗೆ ಬಿದ್ದು ಅತ್ತಳು. ಅಂಥ ಅಕ್ಕನನ್ನು ಬಿಟ್ಟು ತಮ್ಮ ಅಂಕಕ್ಕಾಗಿ ನಾನು ‘ಐ’ ಎನ್ನಬೇಕಿತ್ತೇ?

ಸ್ವಾಮಿ, ನನಗೆ ಬೇರೆ ಕೆಲಸ ಬಾರದು. ಈ ವಯಸ್ಸಿನಲ್ಲಿ ಯಾರ ಬಾಗಿಲು ತಟ್ಟಲಿ? ಭಯವಾಗುತ್ತಿದೆ. ಕೈಮುಗಿಯುತ್ತೇನೆ, ಇನ್ನೊಮ್ಮೆ ಪರೀಕ್ಷೆ ಮಾಡಿ. ಆದರೆ ಫ್ಯಾನು ತಿರುಗುವ ಕೋಣೆಯಲ್ಲಲ್ಲ, ಗಾಡಿಯಲ್ಲಿ, ಸೈರನ್ ಹಾಕಿ. ತಾವು ಹಿಂದೆ ಅಕ್ಕನ ಪಕ್ಕ ಕೂತು, ಅವರು ಹೇಳಿದ ಕಡೆ ರೋಗಿಯ ಗಾಯವನ್ನು ಒತ್ತಿ ಹಿಡಿಯಿರಿ. ಆಸ್ಪತ್ರೆ ತಲುಪಿದ ಮೇಲೆ, ಈ ಜೀವ ಉಳಿಸಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ತಾವೇ ಹೇಳಿ. ‘ಐ’ ಎಂದರೆ ಕೀಲಿಯನ್ನು ಅಲ್ಲೇ ತಮ್ಮ ಕೈಗಿಡುತ್ತೇನೆ.

ಇಂತಿ,
ಸೋಮವಾರದವರೆಗೆ ಚಾಲಕ,
ಆಮೇಲೆ ತಾವು ಕೆಲಸದಿಂದ ತೆಗೆದ ‘ಹಿಮ್’