ವಾಲ್ವು ಹಾಕಿಸುವ ಮುಂಚೆ

ಮಗಳೇ,

ಊಟ ಮುಚ್ಚಿಟ್ಟಿದ್ದೇನೆ. ಕಾರು ಬಂಕಿನಲ್ಲೇ ನಿಂತಿದೆ. ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲಿನ ಆವಿಯನ್ನು ಇಂಜಿನ್ನಿಗೆ ಬಿಡುವ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲವಂತೆ.

"ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಕೀ ತಿರುಗಿಸಬೇಕು. ಯಜಮಾನ್ರು ನಿಮ್ಮ ಮಗಳಿಗೆ ಕಲಿಸಿದ್ರಲ್ಲ, ನಿಮಗೆ ಹೇಳಿರಲಿಲ್ವಾಮ್ಮ?" ಎಂದ ಬಂಕಿಗೆ ಬಂದ ನಮ್ಮ ಹಳೆಯ ಮೆಕ್ಯಾನಿಕ್.

ನಿಮ್ಮಪ್ಪ ಬದುಕಿದ್ದಷ್ಟು ದಿನವೂ, ಗಾಡಿ ಹೀಗೆ ನಿಂತಾಗಲೆಲ್ಲ, ಸ್ಟಿಯರಿಂಗ್ ಹಿಡಿದು ಕೂತು ನನಗೆ ಹೇಳಿದ್ದು, "ನೀನು ಕಣ್ಣು ಮುಚ್ಚಿ ದೇವರನ್ನ ನೆನೆ, ಸ್ಟಾರ್ಟ್ ಆಗುತ್ತೆ" ಎಂದು. ನನ್ನ ಪ್ರಾರ್ಥನೆಯಿಂದಲೇ ಗಾಡಿ ಹೊರಡುತ್ತದೆಂದು ನಂಬಿದ್ದೆ. ನನ್ನ ಕಣ್ಣು ಮುಚ್ಚಿಸಿ ಗುಟ್ಟನ್ನು ನಿನಗೆ ಕೊಟ್ಟರು.

ದೇವರ ಮುಂದೆ ಸುಳ್ಳು ಹೇಳಲಾರೆ, ಹೊಟ್ಟೆ ಉರಿಯುತ್ತಿದೆ.

ಹೊಸ ವಾಲ್ವು ನಾಳೆ ಹಾಕಿಸು. ಪ್ರಾರ್ಥನೆ ಮುಗಿಸಿ ಬರುತ್ತೇನೆ. ಇವತ್ತು ಸಂಜೆಯೇ ಇಬ್ಬರೂ ಬಂಕಿಗೆ ಹೋಗೋಣ. ಅವರು ನಿನಗೆ ಕಲಿಸಿದ ಹಾಗೆಯೇ, ಬೈದದ್ದನ್ನೂ ಬಿಡದೆ, ನನಗೆ ಕಲಿಸು.

ಅಮ್ಮ