ಇತರೆ ಊನಗಳು: ಇಲ್ಲ

ಚಿಕ್ಕಮ್ಮನ ಮನೆ
ಮಂಗಳವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಮಗಳು ಕ್ಷೇಮ. ಕೆಳಗಡೆ ಒಂದು ಹಲ್ಲು ಬಂದಿದೆ. ನನ್ನ ಕ್ಷೇಮ ನೀನು ಕೇಳಿಲ್ಲ, ಆದ್ದರಿಂದ ಬರೆಯುತ್ತಿಲ್ಲ.

ನಿನ್ನ ಪಲ್ಟನ್ನಿನ ಗೆಳೆಯ, ಮೀಸೆಯಣ್ಣ, ನಿನ್ನೆ ಅರ್ಜಿ ಹಿಡಿದುಕೊಂಡು ಬಂದಿದ್ದರು. ಸೂಪಿನ ಅಂಗಡಿಯ ತಾತ್ಕಾಲಿಕ ಪರವಾನಗಿ ಮುಗಿಯುತ್ತಿದೆ, ಶುಕ್ರವಾರ ಆರೋಗ್ಯ ಇಲಾಖೆಯವರು ಬಂದು ನೋಡುತ್ತಾರೆ, ಅಷ್ಟರೊಳಗೆ 'ಆಹಾರ ಪರೀಕ್ಷಿಸುವ ಎರಡನೆಯ ಜವಾಬ್ದಾರರು' ಎಂಬಲ್ಲಿ ನನ್ನ ಸಹಿ ಬೀಳದಿದ್ದರೆ ಶನಿವಾರ ಷಟರ್ ಎತ್ತುವಂತಿಲ್ಲ ಎಂದರು. ನೀನೇ ಬರಬಹುದಿತ್ತು. ಕಾಲಿನ ನೆಪ ಬೇಡ. ಅದೇ ಮರದ ಕಾಲಿನಲ್ಲಿ ಮಾರುಕಟ್ಟೆಗೆ ಹೋಗಿ ಹತ್ತು ಕಿಲೋ ಕ್ಯಾರೆಟ್ ಹೊತ್ತು ತರುತ್ತೀಯ. ಮುಖ ತೋರಿಸಲು ಬೇಕಾದ್ದು ಕಾಲಲ್ಲ.

ಮೀಸೆಯಣ್ಣ ಚಹಾ ಕುಡಿದು ಮೀಸೆ ಒರೆಸಿಕೊಂಡು, "ತಂಗ್ಯಮ್ಮ, ಅವನು ಯುದ್ಧ ಮಾಡಿ ಬಂದವನು, ಸ್ವಲ್ಪ ಸುಧಾರಿಸ್ಕೊಂಡು ಹೋಗಿ" ಅಂದರು.

"ನಾನಿನ್ನೂ ಮಾಡ್ತಾನೇ ಇದೀನಿ ಅಣ್ಣ. ನನಗೆ ರಜಾನೇ ಸ್ಯಾಂಕ್ಷನ್ ಆಗಿಲ್ಲ" ಅಂದೆ.

ಅವರು ಅರ್ಜಿಯನ್ನು ನನ್ನ ಕಡೆ ಸರಿಸಿದರು. ಪಾಪ, ನೀನು ಹೇಳಿದ್ದನ್ನೇ ನಂಬಿದ್ದಾರೆ. ನಿನ್ನ ಅಮ್ಮ ನಂಬಿದ್ದಾರೆ, ಎದುರಿನ ಬಸ್ ಡಿಪೋ ಪೂರ್ತಿ ನಂಬಿದೆ. ಸಾರ್ವಜನಿಕವಾಗಿ ಹೇಳಿದ ಮಾತಲ್ಲವೇ. ನಲವತ್ತು ಬಟ್ಟಲು ಸೂಪು ಸಿಹಿಯಾಗಿದ್ದ ಆ ಬೆಳಿಗ್ಗೆ, ಕಂಡಕ್ಟರ್ ಚಮಚ ಕೆಳಗಿಟ್ಟು, "ಏನು ಯಜಮಾನ್ರೇ, ಏನಾದ್ರೂ ಸಿಹಿ ಸುದ್ದಿನಾ?" ಎಂದು ಕೇಳಿದಾಗ, ಎಲ್ಲರ ಎದುರಿಗೆ ನನ್ನ ಕಡೆ ಸೌಟು ತೋರಿಸಿ ನೀನು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಇವಳದೇ ಕೆಲಸ. ಕಾಲಿಲ್ಲದವನು ಕೈಯೂರಿ ನಿಲ್ಲೋದು ಇವಳಿಗೆ ಸಹಿಸ್ತಿಲ್ಲ."

ಸಹಿಸದವಳು ಏನೇನು ಮಾಡಿದಳು ಎಂಬುದನ್ನೂ ಅಲ್ಲೇ ಹೇಳಬೇಕಿತ್ತು. ನಡುಮನೆಯ ಗೋಡೆ ಒಡೆಸಿ ಷಟರ್ ಹಾಕಿಸಿದವಳು ನಾನು. ನೀನು ಸ್ಟೂಲಿನಲ್ಲಿ ಕೂತೇ ಒಲೆ, ಹಲಗೆ, ನೀರಿನ ನಲ್ಲಿ ಮೂರಕ್ಕೂ ಕೈ ಎಟುಕುವಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಡಗಿಯ ಹತ್ತಿರ ಜಗಳವಾಡಿ ಕಟ್ಟೆಯನ್ನು ಒಂದು ಗೇಣು ಇಳಿಸಿದವಳು ನಾನು. ಎರಡು ತಿಂಗಳ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಪುರಸಭೆಯ ಮೆಟ್ಟಿಲು ಹತ್ತಿಳಿದವಳೂ ನಾನೇ. ಅರ್ಜಿಯ 'ಇತರೆ ಊನಗಳು' ಎಂಬ ಕಾಲಮ್ಮಿಗೆ ಏನು ಬರೆಯಲಿ ಎಂದು ಅವತ್ತು ಅಲ್ಲಿಂದಲೇ ಫೋನ್ ಮಾಡಿದ್ದೆ. ನೀನು ಇಲ್ಲ ಅಂದೆ. ನಾನು 'ಇಲ್ಲ' ಎಂದು ಬರೆದೆ. ಆಗ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ನನಗೆ ಅನುಮಾನ ಬಂದದ್ದು ಮಗಳಿಂದ. ಒಂದು ದಿನ ಅವಳು ನಿನ್ನ ತೊಡೆಯ ಮೇಲೆ ಮಾಡಬಾರದ್ದನ್ನೆಲ್ಲ ಮಾಡಿ ಅರ್ಧ ಗಂಟೆ ಆಡುತ್ತಿದ್ದಳು. ನೀನು ಆರಾಮಾಗಿ ಪೇಪರ್ ಓದುತ್ತಿದ್ದೆ. ನಾನು ಒಳಗಿನ ಕೋಣೆಯಿಂದ ಮೂಗು ಮುಚ್ಚಿಕೊಂಡು ಓಡಿ ಬಂದೆ. ಆಮೇಲೆ ಹಾಲು ಹೊತ್ತಿದ್ದು, ಕೊಳೆತ ಈರುಳ್ಳಿಯನ್ನು ಹೆಚ್ಚಿದ್ದು. ಕೇಳಿದರೆ ನೀನು ನೆಗಡಿ ಎಂದೆ. ನಾಲ್ಕು ತಿಂಗಳ ನೆಗಡಿ, ಒಂದು ಸೀನು ಇಲ್ಲ.

ಆಮೇಲೆ ಗ್ಯಾಸ್. ನಾನು ಬಟ್ಟೆ ಒಣಗಿಸಿ ಬಂದರೆ ಒಲೆಯ ನಾಬ್ ಅರ್ಧ ತಿರುಗಿತ್ತು, ಬಾಗಿಲ ಹೊರಗೇ ವಾಸನೆ ಹೊಡೆಯುತ್ತಿತ್ತು. ಒಳಗೆ ಮಗಳು ತೊಟ್ಟಿಲಲ್ಲಿ, ನೀನು ಸ್ಟೂಲಿನ ಮೇಲೆ, ಕೈಯಲ್ಲಿ ಲೈಟರ್. ನಾನು ಕಿರುಚಿದ್ದಕ್ಕೆ, ಬಾಣಂತಿಗೆ ನಿದ್ದೆ ಇಲ್ಲದೆ ತಲೆ ಕೆಟ್ಟಿದೆ ಎಂದು ನೀನು ನಿನ್ನ ಅಮ್ಮನ ಹತ್ತಿರ ಹೇಳಿದೆ. ನಿದ್ದೆ ಇಲ್ಲದಿರುವುದು ನಿಜ. ಇಲ್ಲಿಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ಆ ಲೈಟರಿನ ಚಟ್ ಸದ್ದು. ಚಿಕ್ಕಮ್ಮನ ಮನೆಯ ಒಲೆ ಆರಿದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ಚಿಕ್ಕಮ್ಮ, "ಅದು ಓಡಿಹೋಗಲ್ಲ ಬಿಡೇ" ಎನ್ನುತ್ತಾರೆ.

ಇನ್ನು ಸಕ್ಕರೆಯ ವಿಷಯ. ಉಪ್ಪು, ಸಕ್ಕರೆಯ ಡಬ್ಬಿಗಳು ಒಂದೇ ತರಹ, ನಾನು ನಿದ್ದೆಗಣ್ಣಿನಲ್ಲಿ ತುಂಬಿಸಿದೆ, ಅದಲುಬದಲಾಯಿತು. ಇದನ್ನು ಅಂದೇ ಹೇಳಿದೆ. ನೀನು ಉಪ್ಪನ್ನು ತಕ್ಕಡಿಯಲ್ಲಿ ತೂಗಿ, ಗಡಿಯಾರ ನೋಡಿ ಹಾಕುವವನು. ಅದಕ್ಕೇ ಡಿಪೋದವರು ದಿನಾ ಒಂದೇ ರುಚಿ ಎಂದು ಹೊಗಳುವುದು. ಸರಿ, ತೂಕ ಸರಿಯಿತ್ತು. ಆದರೆ ಅವತ್ತೂ ನೀನು ಎಂದಿನಂತೆ ಸೌಟು ತುಟಿಗಿಟ್ಟು, ಕಣ್ಣು ಮುಚ್ಚಿ, ದೊಡ್ಡ ಪಾಕಪ್ರವೀಣನ ಹಾಗೆ ತಲೆಯಾಡಿಸಿದ್ದೆ. ಆಮೇಲೆ ಬಡಿಸಿದ್ದೆ. ರುಚಿ ನೋಡಿದೆಯಲ್ಲ, ಯಾಕೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳುವ ಮೊದಲೇ ನನ್ನ ಕಡೆ ಸೌಟು ತಿರುಗಿಸಿದೆ. ನಿನ್ನ ಗುಟ್ಟಿಗೆ ನನ್ನ ಮಾನವನ್ನು ಮುಚ್ಚಳ ಮಾಡಿದೆ.

ಮನೆ ಬಿಡುವಾಗ ಮಗಳ ಚುಚ್ಚುಮದ್ದಿನ ಕಾರ್ಡು ಹುಡುಕುತ್ತಿದ್ದೆ. ನಿನ್ನ ಟ್ರಂಕಿನಲ್ಲಿ ಆಸ್ಪತ್ರೆಯ ಕಡತ ಸಿಕ್ಕಿತು. ಮೂರನೆಯ ಪುಟ. ಕಾಲು ಹೋದ ಸ್ಫೋಟದಲ್ಲೇ ತಲೆಗೆ ಪೆಟ್ಟು. ವಾಸನೆ ಪೂರ್ತಿ ನಷ್ಟ, ರುಚಿ ಬಹುಪಾಲು ನಷ್ಟ, ಮರಳುವ ಸಾಧ್ಯತೆ ಇಲ್ಲ. ಕೆಳಗೆ ನಿನ್ನ ಸಹಿ. ಕಾಲನ್ನು ಊರಿಗೆಲ್ಲ ತೋರಿಸಿದವನು ಮೂಗನ್ನು ಹೆಂಡತಿಯಿಂದ ಬಚ್ಚಿಟ್ಟೆ.

ಯಾಕೆಂದು ಊಹಿಸಬಲ್ಲೆ. ಕಾಲಿಲ್ಲದವನ ಸೂಪನ್ನು ಜನ ಎರಡು ಸಲ ಕೇಳಿ ಕುಡಿಯುತ್ತಾರೆ. ನಾಲಿಗೆ ಇಲ್ಲದವನ ಸೂಪು ಯಾರಿಗೆ ಬೇಕು ಎಂದು ನೀನು ಅಂದುಕೊಂಡೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನಿನ್ನ ಹತ್ತಿರ ತಕ್ಕಡಿ ಇದೆ, ನನ್ನ ಹತ್ತಿರ ನಾಲಿಗೆ ಇದೆ. ಬೇಕಾದ್ದಕ್ಕಿಂತ ಉದ್ದವೇ ಇದೆ ಎಂದು ನಿನ್ನ ಅಮ್ಮನ ಅಭಿಪ್ರಾಯ. ಆ ಕಾಲಮ್ಮು, ಆ ಎರಡನೆಯ ಸಹಿ ಇರುವುದು ಇದಕ್ಕೇ ಅಲ್ಲವೇ. ನೀನು ಕೇಳಲಿಲ್ಲ. ಕರುಣೆಯಿಂದ ಇದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಕರುಣೆ ಆ ಲೈಟರಿನ ದಿನ ತೀರಿತು.

ಅರ್ಜಿ ಇದರ ಜೊತೆಗೇ ಇದೆ. ಮೀಸೆಯಣ್ಣ ತುಂಬಿಸಿಕೊಂಡು ಬಂದಿದ್ದ 'ಇಲ್ಲ'ವನ್ನು ಹೊಡೆದುಹಾಕಿ 'ವಾಸನೆ ಮತ್ತು ರುಚಿ ತಿಳಿಯುವುದಿಲ್ಲ' ಎಂದು ಬರೆದಿದ್ದೇನೆ. ಕೆಳಗೆ ನನ್ನ ಸಹಿ ಹಾಕಿದ್ದೇನೆ. ಹೀಗೇ ಕೊಟ್ಟರೆ ಶುಕ್ರವಾರ ಬೆಳಿಗ್ಗೆ ಆರಕ್ಕೆ ನಾನು ಕಟ್ಟೆಯ ಹತ್ತಿರ ಇರುತ್ತೇನೆ. ಗ್ಯಾಸ್ ಸೋರಿದರೆ ಕೂಗುವ ಯಂತ್ರ ಬರುತ್ತದಂತೆ, ಅದು ಅಷ್ಟರೊಳಗೆ ಗೋಡೆಯ ಮೇಲೆ ಇರಬೇಕು. ಮಗಳ ತೊಟ್ಟಿಲು ಆ ಕೋಣೆಗೆ ಬರುವುದಿಲ್ಲ. ಹರಿದುಹಾಕಿದರೆ ಅಂಗಡಿ ಮುಚ್ಚುತ್ತದೆ, ನಿನ್ನ ಗುಟ್ಟು ಉಳಿಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮತ್ತು ಸೌಟು ತೋರಿಸಿದ ಜಾಗದಲ್ಲೇ, ಅಷ್ಟೇ ಜೋರಾಗಿ, ನಿನಗೆ ರುಚಿ ತಿಳಿಯುವುದಿಲ್ಲ ಎಂದು ಹೇಳಬೇಕು. ನಿನ್ನ ಅಮ್ಮ ಅಲ್ಲಿರಬೇಕು.

ಇಂತಿ,
ಸದ್ಯಕ್ಕೆ ಮಗಳ ಅಮ್ಮ ಮಾತ್ರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಕ್ಕರೆ ಅದಲುಬದಲಾದದ್ದಲ್ಲ. ಹಿಂದಿನ ಸಂಜೆ ಮಿಕ್ಸಿಯಲ್ಲಿ ಉಪ್ಪಿನಷ್ಟು ನುಣ್ಣಗೆ ಪುಡಿ ಮಾಡಿ ಉಪ್ಪಿನ ಡಬ್ಬಿಗೆ ನಾನೇ ತುಂಬಿಸಿದೆ. ನೀನು ನೆಗಡಿ ನೆಗಡಿ ಎನ್ನುತ್ತಿದ್ದೆ, ನನಗೆ ಖಚಿತವಾಗಬೇಕಿತ್ತು. ಮೊದಲ ಸೌಟು ನಿನ್ನ ತುಟಿಗೆ ಹೋದದ್ದನ್ನು ಬಾಗಿಲ ಸಂದಿನಿಂದ ನೋಡಿದೆ. ಬಡಿಸುವ ಮೊದಲು ತಡೆಯುವವಳಿದ್ದೆ, ಆಣೆ ಮಾಡಿ ಹೇಳುತ್ತೇನೆ. ಮಗಳು ಅತ್ತಳು, ಪಕ್ಕದಲ್ಲಿ ಒರಗಿ ಹಾಲು ಕೊಟ್ಟೆ, ಮಂಪರು ಹತ್ತಿತು. ಕಂಡಕ್ಟರ್ ನಕ್ಕಾಗಲೇ ಎಚ್ಚರವಾದದ್ದು. ಅವಳು ಹುಟ್ಟಿದ ಮೇಲೆ ನಾನು ಮಾಡಿದ ಒಳ್ಳೆಯ ನಿದ್ದೆ ಅದೊಂದೇ. ನಿನ್ನ ಅಮ್ಮನಿಗೆ ಇದನ್ನೂ ಹೇಳು. ಆದರೆ ಮೊದಲು ನಿನ್ನದು.